ಟ್ರೇಲ್ ಶೂ ಕೊಳ್ಳುವ ಮುನ್ನ: ಹಿಡಿತ, ರಕ್ಷಣೆ, ಹಿತ ನೋಡುವುದು ಹೇಗೆ? ಓಡುವ ಹೆಂಗಸರಿಗೆ ಒಂದು ಮಾರ್ಗದರ್ಶಿ

ನನ್ನ ಮೊದಲ ಟ್ರೇಲ್ ಶೂ, ಅಂದರೆ ಕಾಡು ಬೆಟ್ಟದ ಹಾದಿಯಲ್ಲಿ ಓಡಲು ಮಾಡಿದ ಶೂ, ನೋಡಲು ಬಹಳ ಚೆನ್ನಾಗಿತ್ತು. ಅಡಿಭಾಗ ಥೇಟ್ ಟ್ರ್ಯಾಕ್ಟರ್ ಟೈರಿನ ಹಾಗೆ. ಮೊದಲ ದೊಡ್ಡ ಇಳಿಜಾರಿನಲ್ಲಿ ಅದು ನೆಲವನ್ನು ಗಟ್ಟಿಯಾಗಿಯೇ ಹಿಡಿದುಕೊಂಡಿತು, ಸುಳ್ಳು ಹೇಳಬಾರದು. ಜಾರಿದ್ದು ನನ್ನ ಪಾದ. ಅದೂ ಶೂ ಒಳಗೆ. ಪ್ರತಿ ಹೆಜ್ಜೆಗೂ ಬೆರಳುಗಳು ಮುಂದಕ್ಕೆ ಹೋಗಿ ಗುದ್ದುತ್ತಿದ್ದವು. ಮನೆಗೆ ಬಂದು ಸಾಕ್ಸ್ ತೆಗೆದರೆ ಎರಡೂ ಹೆಬ್ಬೆರಳ ಉಗುರು ಕಪ್ಪಾಗಿದ್ದವು. ಕೆಲವು ವಾರಗಳಲ್ಲಿ ಎರಡೂ ಕಳಚಿಕೊಂಡವು.

ಆ ಶೂ ಕೆಟ್ಟದ್ದೇನಲ್ಲ. ನಾನು ಅರ್ಧ ಸೈಜ್ ಚಿಕ್ಕದು ಕೊಂಡಿದ್ದೆ. ಹಿಮ್ಮಡಿ ಸಡಿಲ ಅನಿಸಿದ್ದನ್ನು ‘ಹಾಕ್ತಾ ಹಾಕ್ತಾ ಸರಿಹೋಗುತ್ತೆ’ ಅಂತ ಸುಮ್ನೆ ಬಿಟ್ಟಿದ್ದೆ. ಅಂದಿನಿಂದ ನನಗೆ ಹಿಡಿತ ಅಂದರೆ ಒಂದಲ್ಲ, ಎರಡು. ಶೂ ನೆಲವನ್ನು ಹಿಡಿಯಬೇಕು. ಶೂ ಪಾದವನ್ನೂ ಹಿಡಿಯಬೇಕು. ಎರಡನೆಯದು ಇಲ್ಲದಿದ್ದರೆ ಮೊದಲನೆಯದು ಇದ್ದೂ ಇಲ್ಲದ ಹಾಗೆ. ಜಾಹೀರಾತಿನಲ್ಲಿ ಕಾಣುವುದೆಲ್ಲ ಅಡಿಭಾಗದ ಚಿತ್ರ. ನಾವು ಮಾತ್ರ ಒಳಗಿನಿಂದ ಶುರು ಮಾಡೋಣ.

ಓಡುವ ದಾರಿ ಎಂಥದ್ದು?

ಅಂಗಡಿಗೆ ಹೋಗುವ ಮೊದಲು ಕಳೆದ ಒಂದು ತಿಂಗಳು ಎಲ್ಲೆಲ್ಲಿ ಓಡಿದಿರಿ ಅಂತ ನೆನಪು ಮಾಡಿಕೊಳ್ಳಿ. ಮುಂದೆ ಯಾವತ್ತೋ ಓಡಬೇಕು ಅಂದುಕೊಂಡ ಬೆಟ್ಟ ಬೇಡ. ನಿಜವಾಗಿ ಓಡಿದ ದಾರಿ ಬೇಕು. ಅದರಲ್ಲಿ ಡಾಂಬರು ಎಷ್ಟು, ಗಟ್ಟಿ ಮಣ್ಣು ಎಷ್ಟು, ಸಡಿಲ ಜಲ್ಲಿ ಎಷ್ಟು, ಕೆಸರು ಎಷ್ಟು, ಒದ್ದೆ ಬಂಡೆ ಎಷ್ಟು? ಒಂದು ಚೀಟಿಯಲ್ಲಿ ಬರೆದುಕೊಂಡರೆ ಇನ್ನೂ ಒಳ್ಳೆಯದು.

ಅರ್ಧಕ್ಕಿಂತ ಜಾಸ್ತಿ ರಸ್ತೆಯೇ ಇದ್ದರೆ, ರಸ್ತೆ ಮತ್ತು ಕಾಡುಹಾದಿ ಎರಡಕ್ಕೂ ಆಗುವ ಶೂ ಸಾಕು. ಕೆಸರಿಗೆ ಅಂತಲೇ ಮಾಡಿದ ಶೂ ಹಾಕಿ ಡಾಂಬರಿನ ಮೇಲೆ ಓಡಿದರೆ ರಬ್ಬರ್ ಬೇಗ ಸವೆಯುತ್ತದೆ, ಪಾದದ ಅಡಿ ನೋಯುತ್ತದೆ. ಎಲ್ಲಾ ದಾರಿಗೂ ಒಂದೇ ಶೂ ಅನ್ನುವುದು ಎಲ್ಲಾ ದಾರಿಯಲ್ಲೂ ಸ್ವಲ್ಪ ಸ್ವಲ್ಪ ರಾಜಿ. ಆ ರಾಜಿ ಎಲ್ಲಿ ಮಾಡಿಕೊಳ್ಳುತ್ತೀರಿ ಅನ್ನುವುದನ್ನು ಚೀಟಿ ನೋಡಿ ತೀರ್ಮಾನಿಸಿ.

ಪಾದ ಅಳೆಯಿರಿ, ಹಳೆಯ ಸೈಜ್ ನಂಬಬೇಡಿ

ಸಂಜೆ ಹೊತ್ತಿನಲ್ಲಿ ಅಳೆಯಿರಿ. ದಿನವಿಡೀ ನಿಂತು ನಡೆದ ಮೇಲೆ ಪಾದ ಸ್ವಲ್ಪ ಊದಿರುತ್ತದೆ. ಉದ್ದ ಓಟದಲ್ಲಿ ಇನ್ನೂ ಊದುತ್ತದೆ. ಬೆಳಗ್ಗೆ ಸರಿಯಾಗಿ ಕೂತ ಶೂ ಮೂರನೇ ಗಂಟೆಯಲ್ಲಿ ಕಚ್ಚಲು ಶುರು ಮಾಡುವುದು ಇದೇ ಕಾರಣಕ್ಕೆ.

ಗೋಡೆಗೆ ತಾಗಿಸಿ ನೆಲದ ಮೇಲೆ ಕಾಗದ ಇಡಿ. ಓಟಕ್ಕೆ ಹಾಕುವ ಸಾಕ್ಸ್ ಹಾಕಿಕೊಂಡು, ಹಿಮ್ಮಡಿ ಗೋಡೆಗೆ ತಾಗುವಂತೆ, ಮೈಭಾರ ಪೂರ್ತಿ ಬಿಟ್ಟು ನಿಲ್ಲಿ. ಕೂತು ಅಳೆದರೆ ಪಾದ ಚಿಕ್ಕದಾಗಿ ಕಾಣುತ್ತದೆ. ಪೆನ್ಸಿಲನ್ನು ನೆಟ್ಟಗೆ ಹಿಡಿದು ಸುತ್ತ ಗೆರೆ ಎಳೆಯಿರಿ. ಬಗ್ಗಿದರೆ ಭಾರ ಅತ್ತಿತ್ತ ಹೋಗುತ್ತದೆ, ಇನ್ನೊಬ್ಬರು ಎಳೆದರೆ ಒಳ್ಳೆಯದು. ಗೋಡೆಯಿಂದ ಅತಿ ಉದ್ದದ ಬೆರಳಿನ ತುದಿವರೆಗೆ ಎಷ್ಟು ಮಿಲಿಮೀಟರ್, ಅತಿ ಅಗಲದ ಜಾಗ ಎಷ್ಟು, ಎರಡನ್ನೂ ಬರೆದುಕೊಳ್ಳಿ. ಕೆಲವರಿಗೆ ಹೆಬ್ಬೆರಳಿಗಿಂತ ಪಕ್ಕದ ಬೆರಳೇ ಉದ್ದ. ಹಾಗಿದ್ದರೆ ಅದನ್ನೇ ಹಿಡಿಯಿರಿ. ಎರಡೂ ಪಾದ ಅಳೆಯಿರಿ. ಒಂದು ದೊಡ್ಡದಿರುವುದು ಮಾಮೂಲಿ. ಶೂ ಕೊಳ್ಳಬೇಕಾದ್ದು ದೊಡ್ಡ ಪಾದಕ್ಕೆ.

ಸೈಜುಗಳ ಲೆಕ್ಕ ಒಂದು ಗೊಂದಲದ ಗೂಡು. ಯುರೋಪಿನ ಅಳತೆಯಲ್ಲಿ ಒಂದು ಸೈಜ್ ಅಂದರೆ ಸುಮಾರು 6.7 ಮಿ.ಮೀ. ಬ್ರಿಟಿಷ್ ಮತ್ತು ಅಮೆರಿಕನ್ ಅಳತೆಯಲ್ಲಿ ಒಂದು ಪೂರ್ತಿ ಸೈಜ್ ಸುಮಾರು 8.5 ಮಿ.ಮೀ., ಅರ್ಧ ಸೈಜ್ ನಾಲ್ಕಕ್ಕಿಂತ ಸ್ವಲ್ಪ ಜಾಸ್ತಿ. ಅಮೆರಿಕನ್ ಅಳತೆಯಲ್ಲಿ ಹೆಂಗಸರ 8 ಅಂದರೆ ಗಂಡಸರ ಸುಮಾರು ಆರೂವರೆ. ಇವೆಲ್ಲ ಕಾಗದದ ಲೆಕ್ಕ. ಕಂಪನಿಯಿಂದ ಕಂಪನಿಗೆ ಅರ್ಧ ಸೈಜ್ ಹೆಚ್ಚುಕಡಿಮೆ ಆಗುವುದು ಸಾಮಾನ್ಯ. ಹಾಗಾಗಿ ‘ನನ್ನದು ಯಾವಾಗಲೂ ಇದೇ ಸೈಜ್’ ಅನ್ನುವ ಮಾತನ್ನು ಮರೆತುಬಿಡಿ. ನಿಮ್ಮ ಮಿಲಿಮೀಟರ್ ಲೆಕ್ಕ ಕೈಯಲ್ಲಿದ್ದರೆ ಸಾಕು.

ತಾಯಿಯಾದವರು ಮತ್ತೆ ಅಳೆಯಲೇಬೇಕು. ಬಸುರಿನಲ್ಲಿ ಪಾದದ ಕಮಾನು ಸ್ವಲ್ಪ ಇಳಿಯಬಹುದು, ಪಾದ ಉದ್ದವಾಗಬಹುದು. ಕೆಲವರಿಗೆ ಹೆರಿಗೆಯ ನಂತರವೂ ಅದು ಹಾಗೇ ಉಳಿಯುತ್ತದೆ. ಹಳೆಯ ಶೂ ಯಾಕೋ ಬಿಗಿಯಾಗ್ತಿದೆ ಅಂತ ಸಾಕ್ಸ್ ಬದಲಾಯಿಸುತ್ತಾ ಕೂರಬೇಡಿ.

‘ಮಹಿಳೆಯರ ಶೂ’ ಅನ್ನುವ ಚೀಟಿ ಏನು ಹೇಳುತ್ತದೆ?

ಪ್ರತಿ ಶೂವನ್ನೂ ಪಾದದ ಆಕಾರದ ಒಂದು ಅಚ್ಚಿನ ಮೇಲೆ ಕಟ್ಟುತ್ತಾರೆ. ಶೂವಿನ ಜಾತಕ ಇರುವುದು ಆ ಅಚ್ಚಿನಲ್ಲಿ. ಹೆಂಗಸರ ಪಾದ ಗಂಡಸರ ಪಾದದ ಚಿಕ್ಕ ನಕಲು ಅಲ್ಲ. ಸರಾಸರಿ ನೋಡಿದರೆ, ಮುಂಪಾದದ ಅಗಲಕ್ಕೆ ಹೋಲಿಸಿದಾಗ ಹಿಮ್ಮಡಿ ಕಿರಿದು. ಗಂಡಸರ ಅಚ್ಚನ್ನೇ ಕುಗ್ಗಿಸಿ ಬಣ್ಣ ಬದಲಾಯಿಸಿದ ಶೂ ಹಾಕಿದರೆ ಮುಂದೆ ಸರಿಹೋಗುತ್ತದೆ, ಹಿಂದೆ ಹಿಮ್ಮಡಿ ಏಳುತ್ತದೆ. ಹಿಮ್ಮಡಿ ಏಳಬಾರದು ಅಂತ ಚಿಕ್ಕದು ಕೊಂಡರೆ ಮುಂದೆ ಬೆರಳು ಒತ್ತುತ್ತದೆ. ನಾನು ಬಿದ್ದ ಹಳ್ಳ ಇದೇ.

ಕೆಲವು ಕಂಪನಿಗಳು ಹೆಂಗಸರಿಗೆ ಬೇರೆಯೇ ಅಚ್ಚು ಬಳಸುತ್ತವೆ, ಕೆಲವು ಬಳಸುವುದಿಲ್ಲ. ವಿವರಣೆಯಲ್ಲಿ ಬರೆದಿರದಿದ್ದರೆ ಕೇಳಿ. ಅಗಲಕ್ಕೂ ಅಕ್ಷರಗಳಿವೆ. ಹೆಂಗಸರ ಶೂಗೆ ಮಾಮೂಲಿ ಅಗಲ ‘ಬಿ’, ಅಗಲದ್ದು ‘ಡಿ’, ಕಿರಿದು ‘2ಎ’. ಗಂಡಸರ ಮಾಮೂಲಿ ಅಗಲವೇ ‘ಡಿ’. ಹಾಗಾಗಿ ಅಗಲ ಪಾದದವರು ಗಂಡಸರ ಮಾಡೆಲ್ ಹಾಕಿ ನೋಡುವುದರಲ್ಲಿ ತಪ್ಪೇನಿಲ್ಲ. ಕಿರಿದು ಪಾದದ ಗಂಡಸರು ಹೆಂಗಸರ ಶೂ ಹಾಕಿದರೂ ತಪ್ಪಿಲ್ಲ. ಚೀಟಿ ಬರೀ ಒಂದು ಸುಳಿವು, ತೀರ್ಪು ಕೊಡಬೇಕಾದ್ದು ಪಾದ.

ಒಳಗಿನ ಹಿಡಿತ: ಅವಸರ ಮಾಡದೆ ನೋಡಬೇಕಾದ್ದು ಇದನ್ನೇ

ಶೂ ಕೈಗೆ ಬಂದ ತಕ್ಷಣ ಕಾಲಿಗೆ ಹಾಕಬೇಡಿ. ಮೊದಲು ಒಳಹಾಸು ಹೊರಗೆ ಎಳೆಯಿರಿ. ಬಹಳಷ್ಟು ಶೂಗಳಲ್ಲಿ ಅದು ಸುಲಭವಾಗಿ ಬರುತ್ತದೆ. ನೆಲದ ಮೇಲಿಟ್ಟು ಅದರ ಮೇಲೆ ನಿಲ್ಲಿ. ಹಿಮ್ಮಡಿ ಅದರ ಗುಳಿಯಲ್ಲಿ ಕೂತಿರಲಿ. ಈಗ ಬೆರಳುಗಳು ಅಂಚಿನಿಂದ ಹೊರಗೆ ಚಾಚಿವೆಯಾ? ಕಿರುಬೆರಳು ಹೊರಗೆ ಬಿದ್ದಿದ್ದರೆ ಆ ಶೂ ನಿಮಗೆ ಕಿರಿದು. ಮೇಲ್ಭಾಗದ ಬಟ್ಟೆ ಸ್ವಲ್ಪ ಹಿಗ್ಗೀತು, ಆದರೆ ಇಡೀ ಓಟ ಆ ಬೆರಳು ಬಟ್ಟೆಯನ್ನು ತಳ್ಳುತ್ತಲೇ ಇರುತ್ತದೆ. ಉದ್ದದ ಬೆರಳಿನ ಮುಂದೆ 10ರಿಂದ 12 ಮಿ.ಮೀ. ಜಾಗ ಉಳಿಯಬೇಕು. ಇಳಿಜಾರು ಜಾಸ್ತಿ ಇರುವ ದಾರಿಯಾದರೆ ಈ ವಿಷಯದಲ್ಲಿ ಜಿಪುಣತನ ಬೇಡ.

ಈಗ ಹಾಕಿಕೊಳ್ಳಿ. ಹಿಮ್ಮಡಿಯನ್ನು ನೆಲಕ್ಕೆ ಒಂದೆರಡು ಸಲ ತಟ್ಟಿ ಹಿಂದಕ್ಕೆ ಕೂರಿಸಿ, ಆಮೇಲೆ ಲೇಸ್ ಕಟ್ಟಿ. ಬಹಳ ಜನ ಬೆರಳು ಮುಂದೆ ಇಟ್ಟುಕೊಂಡೇ ಲೇಸ್ ಬಿಗಿಯುತ್ತಾರೆ. ಆಗ ಅಳತೆಯೇ ತಪ್ಪಿಹೋಗುತ್ತದೆ.

ಮೊದಲ ಪರೀಕ್ಷೆ ಒದೆತ. ಶೂ ತುದಿಯಿಂದ ನೆಲಕ್ಕೆ ಮೂರ್ನಾಲ್ಕು ಸಲ ಸ್ವಲ್ಪ ಜೋರಾಗಿ ಕುಟ್ಟಿ. ಬೆರಳು ಮುಂದೆ ತಾಗಿತಾ? ಲೇಸ್ ಇನ್ನೊಮ್ಮೆ ಸರಿಯಾಗಿ ಕಟ್ಟಿ ಮತ್ತೆ ಕುಟ್ಟಿ. ಆಗಲೂ ತಾಗಿದರೆ ಆ ಜೋಡಿಯನ್ನು ಕೆಳಗಿಡಿ. ಅಂಗಡಿಯಲ್ಲಿ ನಾಲ್ಕು ಸಲ ತಾಗಿದ್ದು ಒಂದು ಗಂಟೆಯ ಇಳಿಜಾರಿನಲ್ಲಿ ಸಾವಿರಾರು ಸಲ ತಾಗುತ್ತದೆ. ಉಗುರಿನ ಕೆಳಗೆ ರಕ್ತ ಕಟ್ಟಿ ಕಪ್ಪಾಗುವುದು ಹೀಗೆಯೇ.

ಎರಡನೆಯದು ಮೆಟ್ಟಿಲು. ಹತ್ತುವಾಗ ಹಿಮ್ಮಡಿ ಎಷ್ಟು ಏಳುತ್ತದೆ ಗಮನಿಸಿ. ಹೊಸ ಶೂ ಗಟ್ಟಿಯಿರುವುದರಿಂದ ಎರಡು ಮೂರು ಮಿಲಿಮೀಟರ್ ಎದ್ದರೆ ಚಿಂತೆಯಿಲ್ಲ. ಚರ್ಮ ಉಜ್ಜುವುದು ಗೊತ್ತಾಗುವಷ್ಟು ಎದ್ದರೆ ಗುಳ್ಳೆ ಬರುವುದು ಖಂಡಿತ. ಇಳಿಯುವಾಗ ಬೇಗ ಬೇಗ ಇಳಿದು ಫಕ್ಕನೆ ನಿಲ್ಲಿ. ಪಾದ ಮುಂದಕ್ಕೆ ಸರಿಯಿತಾ?

ಮೂರನೆಯದು ಅಡ್ಡ ಇಳಿಜಾರು. ಇದನ್ನು ಯಾರೂ ಮಾಡುವುದಿಲ್ಲ, ನನ್ನ ಪ್ರಕಾರ ಬೇರೆಲ್ಲದಕ್ಕಿಂತ ಮುಖ್ಯ ಇದೇ. ಇಳಿಜಾರಾದ ಹಲಗೆ ಅಥವಾ ಗಾಲಿಕುರ್ಚಿಗೆ ಮಾಡಿದ ಓರೆ ದಾರಿ ಸಿಕ್ಕರೆ ಅದಕ್ಕೆ ಅಡ್ಡಲಾಗಿ ನಿಲ್ಲಿ, ನಡೆಯಿರಿ. ಬೆಟ್ಟದ ಪಕ್ಕೆಯಲ್ಲಿ ಹಾದುಹೋಗುವ ಕಾಲುದಾರಿ ಹೀಗೇ ಇರುತ್ತದೆ. ಸೋಲ್ ನೆಟ್ಟಗೆ ನಿಂತು ಪಾದ ಮಾತ್ರ ಕೆಳಗಿನ ಅಂಚಿನತ್ತ ಉರುಳುತ್ತಿದ್ದರೆ ಶೂವಿನ ನಡುಭಾಗ ನಿಮಗೆ ಸಡಿಲ. ಸಮತಟ್ಟು ನೆಲದಲ್ಲಿ ಎಷ್ಟೇ ಆರಾಮ ಇದ್ದರೂ ಅಲ್ಲಿ ಕಣಕಾಲು ಉಳುಕುತ್ತದೆ.

ಹಿಮ್ಮಡಿ ಸ್ವಲ್ಪ ಮಾತ್ರ ಸಡಿಲ, ಉಳಿದದ್ದೆಲ್ಲ ಸರಿ ಅನ್ನುವುದಾದರೆ ಲೇಸಿನಿಂದ ಸರಿಮಾಡಬಹುದು. ಬಹಳ ಶೂಗಳಲ್ಲಿ ಎಲ್ಲಕ್ಕಿಂತ ಮೇಲೆ, ಸ್ವಲ್ಪ ಹಿಂದಕ್ಕೆ, ಒಂದು ಜೊತೆ ತೂತು ಖಾಲಿ ಇರುತ್ತದೆ. ಅದು ಅಲಂಕಾರಕ್ಕಲ್ಲ. ಲೇಸಿನ ತುದಿಯನ್ನು ಅಡ್ಡ ದಾಟಿಸದೆ ಅದೇ ಬದಿಯ ಆ ತೂತಿಗೆ ಹೊರಗಿನಿಂದ ಒಳಕ್ಕೆ ತೂರಿಸಿ. ಎರಡೂ ಬದಿಯಲ್ಲಿ ಒಂದೊಂದು ಚಿಕ್ಕ ಕುಣಿಕೆ ಉಳಿಯುತ್ತದೆ. ಈಗ ಎಡ ತುದಿಯನ್ನು ಬಲ ಕುಣಿಕೆಯೊಳಗೆ, ಬಲ ತುದಿಯನ್ನು ಎಡ ಕುಣಿಕೆಯೊಳಗೆ ಹಾಯಿಸಿ, ಕೆಳಮುಖವಾಗಿ ಎಳೆದು ಗಂಟು ಹಾಕಿ. ಹಿಮ್ಮಡಿ ಹಿಂದಕ್ಕೆ ಕಚ್ಚಿಕೊಂಡು ಕೂರುತ್ತದೆ. ಹೀಗೆ ಕಟ್ಟಿದ ಮೇಲೂ ನಿಲ್ಲದಿದ್ದರೆ, ಅಥವಾ ಪಾದದ ಮೇಲ್ಭಾಗ ನೋಯುವಷ್ಟು ಬಿಗಿದರೆ ಮಾತ್ರ ನಿಲ್ಲುತ್ತದೆ ಅನ್ನುವುದಾದರೆ, ಅದು ನಿಮ್ಮ ಶೂ ಅಲ್ಲ.

ಲೇಸಿನ ಕೆಳಗಿರುವ ಪಟ್ಟಿ, ಅಂದರೆ ಶೂವಿನ ನಾಲಿಗೆಯನ್ನೂ ಒಮ್ಮೆ ನೋಡಿ. ಅದರ ಎರಡೂ ಬದಿ ಶೂಗೆ ಹೊಲಿದಿದ್ದರೆ ಒಳ್ಳೆಯದು. ಪಕ್ಕಕ್ಕೆ ಜಾರುವುದಿಲ್ಲ, ಮರಳು ಕಲ್ಲು ಒಳಗೆ ಬರುವುದೂ ಕಡಿಮೆ.

ಅಡಿಯ ಹಿಡಿತ

ಈಗ ಶೂ ತಿರುಗಿಸಿ. ಅಡಿಯಲ್ಲಿ ಎದ್ದು ನಿಂತಿರುವ ರಬ್ಬರ್ ಹಲ್ಲುಗಳಿಗೆ ಲಗ್ ಅನ್ನುತ್ತಾರೆ. ಎಷ್ಟು ಎತ್ತರ, ಎಷ್ಟು ದೂರ ದೂರ, ಯಾವ ಕಡೆ ಮುಖ, ಈ ಮೂರನ್ನು ನೋಡಿ.

ಎತ್ತರ 2ರಿಂದ 3 ಮಿ.ಮೀ. ಇದ್ದರೆ ರಸ್ತೆ ಮತ್ತು ಗಟ್ಟಿ ಮಣ್ಣಿಗೆ. 4ರಿಂದ 5 ಇದ್ದರೆ ಬಹುಪಾಲು ಕಾಡುಹಾದಿಗೆ ಸಾಕು. 6ರಿಂದ 8 ಇದ್ದರೆ ಕೆಸರು, ಒದ್ದೆ ಹುಲ್ಲು, ಮೆತ್ತನೆ ಮಣ್ಣಿಗೆ. ಎತ್ತರ ಜಾಸ್ತಿ ಇದ್ದಷ್ಟೂ ಹಿಡಿತ ಜಾಸ್ತಿ ಅಂತ ಬಹಳ ಜನ ತಿಳಿದಿದ್ದಾರೆ. ಮೆತ್ತನೆ ನೆಲದಲ್ಲಿ ಮಾತ್ರ ಆ ಮಾತು ನಿಜ. ಲಗ್ ಕೆಲಸ ಮಾಡಬೇಕಾದರೆ ನೆಲದೊಳಗೆ ಇಳಿಯಬೇಕು. ಗಟ್ಟಿ ನೆಲದಲ್ಲಿ ಇಳಿಯಲು ಜಾಗವೇ ಇಲ್ಲ, ನೀವು ನಾಲ್ಕು ಹಲ್ಲಿನ ತುದಿಯ ಮೇಲೆ ನಿಂತ ಹಾಗಾಗುತ್ತದೆ. ಮೈತೂಕ ಕಡಿಮೆ ಇದ್ದವರಿಗೆ ಇದು ಇನ್ನೂ ಬೇಗ ಗೊತ್ತಾಗುತ್ತದೆ, ಯಾಕೆಂದರೆ ಲಗ್ಗನ್ನು ಒತ್ತಿ ಇಳಿಸುವ ಭಾರವೇ ಕಡಿಮೆ.

ಲಗ್‌ಗಳ ನಡುವಿನ ಜಾಗ ಕೆಸರಿನ ಲೆಕ್ಕ. ಒತ್ತೊತ್ತಾಗಿದ್ದರೆ ಕೆಸರು ಮೆತ್ತಿಕೊಂಡು ಅಡಿ ನುಣ್ಣಗಾಗುತ್ತದೆ. ಆಮೇಲೆ ಎಷ್ಟು ಎತ್ತರ ಇದ್ದರೇನು? ದೂರ ದೂರ ಇದ್ದರೆ ಓಡುತ್ತಲೇ ಉದುರುತ್ತದೆ. ಇನ್ನು ಮುಖ. ಮುಂಪಾದದ ಲಗ್‌ಗಳು ಏರುವಾಗ ಹಿಂದಕ್ಕೆ ತಳ್ಳಲು, ಹಿಮ್ಮಡಿಯವು ಇಳಿಯುವಾಗ ಬ್ರೇಕ್ ಹಾಕಲು. ಹಾಗಾಗಿ ಎಷ್ಟೋ ಶೂಗಳಲ್ಲಿ ಇವೆರಡರ ಬಾಣದ ತುದಿ ಎದುರು ಬದುರು ದಿಕ್ಕಿಗೆ ಇರುತ್ತದೆ. ಹಿಮ್ಮಡಿಯ ಹಿಂದಿನ ಅಂಚು ಪೂರ್ತಿ ನುಣ್ಣಗಿದ್ದರೆ ಕಡಿದಾದ ಇಳಿಜಾರಿಗೆ ನಾನಂತೂ ಅದನ್ನು ಆರಿಸುವುದಿಲ್ಲ.

ಒದ್ದೆ ಬಂಡೆಯ ಮೇಲೆ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಅಲ್ಲಿ ಲಗ್ ಇಳಿಯುವ ಪ್ರಶ್ನೆಯೇ ಇಲ್ಲ. ಅಲ್ಲಿ ಬೇಕಾದ್ದು ಬಂಡೆಗೆ ಅಂಟುವ ಮೆತ್ತನೆ ರಬ್ಬರ್, ಮತ್ತು ಆ ರಬ್ಬರಿನ ಹೆಚ್ಚು ಭಾಗ ಬಂಡೆಗೆ ತಾಗುವುದು. ಕಿರಿದಾದ ಎತ್ತರದ ಲಗ್‌ಗಳಿಗಿಂತ ಅಗಲವಾದ ಗಿಡ್ಡ ಲಗ್‌ಗಳು ಅಲ್ಲಿ ಮೇಲು. ಉಗುರಿನಿಂದ ಲಗ್ ಒತ್ತಿ ನೋಡಿ. ಮೆತ್ತನೆ ರಬ್ಬರ್ ಸ್ವಲ್ಪ ತಗ್ಗುತ್ತದೆ, ಗಟ್ಟಿಯದು ಪ್ಲಾಸ್ಟಿಕ್ಕಿನ ಹಾಗೆ ಇರುತ್ತದೆ. ಮೆತ್ತನೆಯದು ಚೆನ್ನಾಗಿ ಹಿಡಿಯುತ್ತದೆ, ಬೇಗ ಸವೆಯುತ್ತದೆ. ಗಟ್ಟಿಯದು ಬಾಳುತ್ತದೆ, ಜಾರುತ್ತದೆ. ಎರಡೂ ಬೇಕು ಅಂದರೆ ಸಿಗುವುದು ಕಷ್ಟ. ಇನ್ನು ಪಾಚಿ ಕಟ್ಟಿದ ಬಂಡೆ. ಅದರ ಮೇಲೆ ಯಾವ ರಬ್ಬರನ್ನೂ ನಂಬಬೇಡಿ, ನಡೆದುಕೊಂಡು ದಾಟಿ.

ಬೆಟ್ಟಕ್ಕೆ ಹಾಕುವ ಲಗ್ ಇರುವ ಈ ರಬ್ಬರ್ ಸೋಲ್‌ನ ಹಿಂದೆ ಒಂದು ದುರಂತದ ಕತೆಯಿದೆ. 1935ರಲ್ಲಿ ಆಲ್ಪ್ಸ್ ಬೆಟ್ಟದಲ್ಲಿ ಆರು ಮಂದಿ ಏರುಗರು ತೀರಿಕೊಂಡರು. ಸರಿಯಾದ ಪಾದರಕ್ಷೆ ಇಲ್ಲದ್ದೂ ಅದಕ್ಕೆ ಒಂದು ಕಾರಣ ಅಂದುಕೊಂಡ ಇಟಲಿಯ ಏರುಗ ವಿತಾಲೆ ಬ್ರಮಾನಿ 1937ರಲ್ಲಿ ಆಳವಾದ ಲಗ್‌ಗಳ ರಬ್ಬರ್ ಸೋಲ್ ತಂದರು. ಅದಕ್ಕೆ ಇಟ್ಟ ಹೆಸರು ‘ಕರ್ರಾರ್ಮಾತೊ’, ಅಂದರೆ ಯುದ್ಧದ ಟ್ಯಾಂಕು. ಅವರ ಹೆಸರಿನ ಮೊದಲ ಅಕ್ಷರಗಳನ್ನು ಸೇರಿಸಿ ಮಾಡಿದ್ದೇ ವೈಬ್ರಮ್ ಅನ್ನುವ ಕಂಪನಿಯ ಹೆಸರು. ಇಂದೂ ಬೇರೆ ಬೇರೆ ಕಂಪನಿಯ ಟ್ರೇಲ್ ಶೂಗಳ ಅಡಿಯಲ್ಲಿ ಕಾಣುವ ಹಳದಿ ಗುರುತು ಅದೇ. ಒದ್ದೆ ಬಂಡೆಗೆ ಅವರ ಮೆಗಾಗ್ರಿಪ್ ರಬ್ಬರಿಗೆ ಓಟಗಾರರಲ್ಲಿ ಒಳ್ಳೆಯ ಹೆಸರಿದೆ. ಸಾಲೊಮನ್ ಕಂಪನಿಯ ಕಾಂಟಾಗ್ರಿಪ್, ಲಾ ಸ್ಪೋರ್ಟಿವಾದ ಫ್ರಿಕ್ಸಿಯಾನ್ ಇವೆಲ್ಲ ಆಯಾ ಕಂಪನಿಯದೇ ರಬ್ಬರ್. ಒಂದೇ ಹೆಸರಿನಡಿ ಹಲವು ಬಗೆ ಇರುವುದರಿಂದ ಹೆಸರು ನೋಡಿ ಸಮಾಧಾನಪಡಬೇಡಿ, ಉಗುರಿನಿಂದ ಒತ್ತಿ.

ಕಲ್ಲು, ಬೇರು, ಮುಳ್ಳು

ಚೂಪು ಕಲ್ಲಿನ ಮೇಲೆ ಓಡುವಾಗ ಪಾದದ ಅಡಿಯನ್ನು ಕಾಯುವುದು ಎರಡು. ಒಂದು, ಸೋಲ್‌ನ ದಪ್ಪ. ಇನ್ನೊಂದು, ಕೆಲವು ಶೂಗಳಲ್ಲಿ ಹೊರಗಿನ ರಬ್ಬರ್ ಮತ್ತು ನಡುವಿನ ಫೋಮ್ ಮಧ್ಯೆ ಇಡುವ ತೆಳು ತಗಡು, ರಾಕ್ ಪ್ಲೇಟ್. ತಗಡು ಅಂದರೆ ಲೋಹವಲ್ಲ. ಸಾಮಾನ್ಯವಾಗಿ ಗಟ್ಟಿ ಪ್ಲಾಸ್ಟಿಕ್, ಕೆಲವು ದುಬಾರಿ ಶೂಗಳಲ್ಲಿ ಕಾರ್ಬನ್ ಫೈಬರ್. ಕಲ್ಲಿನ ಮೊನೆ ಒಂದೇ ಕಡೆ ಚುಚ್ಚದಂತೆ ಅದು ಒತ್ತಡವನ್ನು ಹರಡುತ್ತದೆ.

ಇದೆಯೋ ಇಲ್ಲವೋ ತಿಳಿಯಲು ಒಂದು ಕೈ ಶೂ ಒಳಗೆ ಹಾಕಿ. ಇನ್ನೊಂದು ಕೈಯ ಹೆಬ್ಬೆರಳಿನಿಂದ ಮುಂಪಾದದ ಅಡಿಯಲ್ಲಿ, ಲಗ್‌ಗಳ ನಡುವಿನ ಸಂದಿಯಲ್ಲಿ, ಬಲವಾಗಿ ಒತ್ತಿ. ಒಳಗಿನ ಕೈಗೆ ಆ ಒತ್ತು ಚೆನ್ನಾಗಿ ಗೊತ್ತಾದರೆ ಕಲ್ಲೂ ಗೊತ್ತಾಗುತ್ತದೆ. ಆಮೇಲೆ ಶೂವನ್ನು ಬಗ್ಗಿಸಿ. ಬೆರಳುಗಳ ಬುಡದಲ್ಲಿ ಬಗ್ಗಬೇಕು, ನಟ್ಟನಡುವೆ ಮಡಚಬಾರದು. ಪ್ಲೇಟ್ ಇದ್ದ ಶೂ ಹಗುರ ಮೈಯವರಿಗೆ ಹಲಗೆ ಕಟ್ಟಿಕೊಂಡ ಹಾಗೆ ಅನಿಸಬಹುದು. ಆದ್ದರಿಂದ ಕೈಯಲ್ಲಿ ಬಗ್ಗಿದರೆ ಸಾಲದು, ಕಾಲಲ್ಲಿ ಹಾಕಿ ನಾಲ್ಕು ಹೆಜ್ಜೆ ಓಡಿದಾಗಲೂ ಬಗ್ಗಬೇಕು. ನಿಮ್ಮ ಓಟದ ದಾರಿ ಬರೆದ ಚೀಟಿಯಲ್ಲಿ ಕಲ್ಲು ಇಲ್ಲದಿದ್ದರೆ ಪ್ಲೇಟ್ ಸುಮ್ನೆ ಭಾರ.

ಬೆರಳುಗಳ ಮುಂದೆ ಗಟ್ಟಿ ಕವಚ ಇರಲೇಬೇಕು. ಎಡವುವುದು ಆಗುವಂಥದ್ದೇ, ದಣಿದಾಗ ಕಾಲು ಎತ್ತುವುದು ಕಡಿಮೆಯಾಗಿ ಇನ್ನೂ ಜಾಸ್ತಿ ಎಡವುತ್ತೇವೆ. ಬೆರಳಗಂಟಿನಿಂದ ಕವಚವನ್ನು ತಟ್ಟಿ ನೋಡಿ. ಕಿರುಬೆರಳಿನ ಬದಿಗೂ ಅದು ಸುತ್ತಿ ಬಂದಿದ್ದರೆ ಒಳ್ಳೆಯದು, ಬೇರಿಗೆ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಅದೇ.

ಸೋಲ್ ದಪ್ಪವಾದಷ್ಟೂ ಕಲ್ಲು ಚುಚ್ಚುವುದಿಲ್ಲ, ಸರಿ. ಆದರೆ ನೀವು ನೆಲದಿಂದ ಮೇಲೆ ನಿಂತಿರುತ್ತೀರಿ. ಹೆಜ್ಜೆ ಓರೆಯಾದರೆ ಕಣಕಾಲು ತಿರುಚುವ ಬಲ ಜಾಸ್ತಿ. ದಪ್ಪ ಸೋಲ್ ಇದ್ದರೆ ಅದರ ಅಡಿ ಅಗಲವೂ ಇರಬೇಕು. ಹಿಂದಿನಿಂದ ನೋಡಿ: ಮೇಲಿಗಿಂತ ಕೆಳಗೆ ಅಗಲವಾಗಿದೆಯಾ? ಎತ್ತರವಾಗಿ, ಕಿರಿದಾಗಿ ಇದ್ದರೆ ಬೇಡ.

ನೀರು ಒಳಗೆ ಬಾರದ ಪೊರೆ ಇರುವ ಶೂ ಬೇಕಾ? ನನ್ನ ಅನುಭವದಲ್ಲಿ ಬಹುತೇಕ ಬೇಡ. ಚಳಿಯಲ್ಲಿ, ಇಬ್ಬನಿ ಹುಲ್ಲಿನಲ್ಲಿ, ಸ್ವಲ್ಪ ಹೊತ್ತಿನ ಓಟಕ್ಕೆ ಅದು ಚೆನ್ನ. ಹಳ್ಳ ದಾಟುವಾಗ ನೀರು ಬರುವುದು ಮೇಲಿನ ಬಾಯಿಯಿಂದ. ಹಾಗೆ ಬಂದ ನೀರನ್ನು ಆ ಪೊರೆ ಹೊರಗೂ ಬಿಡುವುದಿಲ್ಲ. ಬೇಗ ಸೋರಿ ಒಣಗುವ ಜಾಲರಿ ಬಟ್ಟೆಯೇ ಮೇಲು. ಸಾಕ್ಸ್ ಹತ್ತಿಯದು ಬೇಡ. ಅದು ನೀರು ಹಿಡಿದಿಟ್ಟುಕೊಂಡು ಚರ್ಮವನ್ನು ಮೆತ್ತಗೆ ಮಾಡುತ್ತದೆ, ಆಮೇಲೆ ಗುಳ್ಳೆ. ಮೆರಿನೊ ಉಣ್ಣೆ ಅಥವಾ ಸಿಂಥೆಟಿಕ್ ಇರಲಿ.

ಮೆತ್ತಗಿದ್ದರೆ ಹಿತವೇ?

ಅಂಗಡಿಯಲ್ಲಿ ನಾವು ಮೋಸ ಹೋಗುವುದು ಇಲ್ಲಿ. ಮೆತ್ತನೆ ಫೋಮ್ ಮೇಲೆ ನಿಂತರೆ ಹತ್ತಿಯ ಮೇಲೆ ನಿಂತ ಹಾಗೆ, ಆಹಾ ಅನಿಸುತ್ತದೆ. ಹಿತ ಗೊತ್ತಾಗುವುದು ನಿಂತಾಗ ಅಲ್ಲ, ಓಡಿದಾಗ. ಅತಿ ಮೆತ್ತಗಿದ್ದರೆ ಏರುಪೇರಿನ ನೆಲದಲ್ಲಿ ಪಾದ ಓಲಾಡುತ್ತದೆ, ಅದನ್ನು ಸರಿಪಡಿಸುತ್ತಾ ಕಣಕಾಲು ಸೋಲುತ್ತದೆ. ಎರಡು ಬೇರೆ ಮಾಡೆಲ್ ತರಿಸಿ, ಎಡಗಾಲಿಗೆ ಒಂದು, ಬಲಗಾಲಿಗೆ ಇನ್ನೊಂದು ಹಾಕಿ ಸ್ವಲ್ಪ ಓಡಿ ನೋಡಿ. ನೋಡುವವರಿಗೆ ತಮಾಷೆ ಅನಿಸಲಿ ಬಿಡಿ. ವ್ಯತ್ಯಾಸ ತಕ್ಷಣ ತಿಳಿಯುತ್ತದೆ.

ಹಿಮ್ಮಡಿ ಮತ್ತು ಮುಂಪಾದದ ಎತ್ತರದ ವ್ಯತ್ಯಾಸಕ್ಕೆ ಡ್ರಾಪ್ ಅನ್ನುತ್ತಾರೆ. ಸೊನ್ನೆಯಿಂದ ಸುಮಾರು 12 ಮಿ.ಮೀ. ತನಕ ಸಿಗುತ್ತದೆ. ಆಲ್ಟ್ರಾ ಕಂಪನಿ ಹೆಸರಾದದ್ದೇ ಸೊನ್ನೆ ಡ್ರಾಪ್ ಮತ್ತು ಬೆರಳಿಗೆ ಅಗಲ ಜಾಗ ಕೊಟ್ಟು. ಯಾವುದು ಒಳ್ಳೆಯದು ಅನ್ನುವ ಜಗಳಕ್ಕೆ ಕೊನೆಯಿಲ್ಲ. ನನ್ನ ಸಲಹೆ ಇಷ್ಟೇ: ಈಗ ಹಾಕುತ್ತಿರುವುದರ ಡ್ರಾಪ್ ಎಷ್ಟು ನೋಡಿ, ಹೊಸದೂ ಅದರ ಹತ್ತಿರ ಇರಲಿ. 10ರಿಂದ ಒಮ್ಮೆಲೇ ಸೊನ್ನೆಗೆ ಇಳಿದರೆ ಮೀನಖಂಡ ಮತ್ತು ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ಎಳೆದುಕೊಳ್ಳುತ್ತವೆ. ಇಳಿಯಲೇಬೇಕು ಅಂದರೆ ಕೆಲವು ವಾರ ಚಿಕ್ಕ ಓಟಗಳಿಗೆ ಮಾತ್ರ ಹೊಸದನ್ನು ಹಾಕಿ.

ಪಾದದ ಕಮಾನು ನೋಡಿ ‘ನಿಮಗೆ ಇಂಥದ್ದೇ ಶೂ’ ಅಂತ ಯಾರಾದರೂ ಖಡಾಖಂಡಿತವಾಗಿ ಹೇಳಿದರೆ ತಲೆಯಾಡಿಸಿ, ನಂಬಬೇಡಿ. ಅಮೆರಿಕದ ಸೇನೆಯ ತರಬೇತಿಯಲ್ಲಿ ಇದನ್ನು ಪರೀಕ್ಷಿಸಿದ್ದಾರೆ. ಕಮಾನಿಗೆ ತಕ್ಕ ಶೂ ಕೊಟ್ಟರೂ ಗಾಯಗಳು ಹೇಳಿಕೊಳ್ಳುವಷ್ಟು ಕಡಿಮೆಯಾಗಲಿಲ್ಲ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಬೆನೊ ನಿಗ್ ಮತ್ತು ಜೊತೆಗಾರರು 2015ರಲ್ಲಿ ಮುಂದಿಟ್ಟ ವಿಚಾರ ಇನ್ನೂ ಸರಳ: ಓಡುವಾಗ ನಿಮಗೆ ಹಿತ ಅನಿಸುವುದನ್ನೇ ಆರಿಸಿ. ಅದಕ್ಕೂ ತಕರಾರು ಮಾಡುವವರಿದ್ದಾರೆ. ನನಗಂತೂ ಅದು ಕೆಲಸ ಮಾಡಿದೆ. ಪಾದದಲ್ಲಿ ಮೊದಲೇ ನೋವೋ ತೊಂದರೆಯೋ ಇದ್ದವರು ಮಾತ್ರ ವೈದ್ಯರನ್ನು ಕೇಳಿಯೇ ಮುಂದುವರಿಯಿರಿ.

ತೂಕದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಒಂದೊಂದು ಶೂಗೆ 100 ಗ್ರಾಂ ಹೆಚ್ಚಾದರೆ ಓಟದ ಶ್ರಮ ಸುಮಾರು ಶೇಕಡಾ 1 ಹೆಚ್ಚುತ್ತದೆ ಅನ್ನುವುದು ಹಳೆಯ ಲೆಕ್ಕ. 20 ಗ್ರಾಂ ಉಳಿಸಲು ಬೆರಳಿನ ಕವಚ ಬಿಟ್ಟುಕೊಡಬೇಡಿ. ಬಣ್ಣ ನಿಮ್ಮಿಷ್ಟ, ಹೇಗೂ ಮೊದಲ ಮಳೆಗೆ ಎಲ್ಲ ಕಂದೇ.

ಮನೆಗೆ ತಂದ ಮೇಲೆ

ವಾಪಸ್ ಕೊಡುವ ಅವಕಾಶ ಎಷ್ಟು ದಿನ, ಯಾವ ಸ್ಥಿತಿಯಲ್ಲಿ ಅಂತ ಮೊದಲೇ ಕೇಳಿರಿ. ಹೊರಗೆ ಓಡುವ ಮೊದಲು ಮನೆಯೊಳಗೇ ಒಂದೆರಡು ಸಂಜೆ ಗಂಟೆಗಟ್ಟಲೆ ಹಾಕಿಕೊಂಡು ಓಡಾಡಿ. ಎಲ್ಲಾದರೂ ಬಿಸಿ ಬಿಸಿ ಅನಿಸಿದರೆ, ಉಜ್ಜಿದ ಹಾಗಾದರೆ, ಆ ಜಾಗದಲ್ಲೇ ನಾಳೆ ಗುಳ್ಳೆ. ಒದ್ದೆ ಟೈಲ್ಸ್ ಮೇಲೆ ಗೋಡೆ ಹಿಡಿದುಕೊಂಡು ಒಂದು ಕಾಲು ಜಾರಿಸಿ ನೋಡಬಹುದು. ಹೊಸ ರಬ್ಬರ್ ಮೇಲೆ ಅಚ್ಚಿನಿಂದ ಬಂದ ನಯವಾದ ಪದರ ಇರುವುದುಂಟು, ಅದು ಸವೆಯುವ ತನಕ ಮೊದಲ ಕೆಲವು ಕಿಲೋಮೀಟರ್ ಹುಷಾರು.

ಮೊದಲ ಓಟ ಚಿಕ್ಕದಿರಲಿ, ಗೊತ್ತಿರುವ ದಾರಿಯಲ್ಲಿರಲಿ. ಎರಡನೆಯದರಲ್ಲಿ ಬೇಕಂತಲೇ ಒಂದು ಇಳಿಜಾರು ಸೇರಿಸಿ. ಮೂರನೆಯದು ಒದ್ದೆ ನೆಲದಲ್ಲಿ. ಹೊಸ ಶೂವನ್ನು ನೇರ ಸ್ಪರ್ಧೆಗೆ ಹಾಕಿಕೊಂಡು ಹೋಗುವವರನ್ನು ನೋಡಿದರೆ ನನಗೆ ನನ್ನ ಉಗುರು ನೆನಪಾಗುತ್ತದೆ.

ಕೆಸರಾದರೆ ತಣ್ಣೀರಿನಲ್ಲಿ ಬ್ರಷ್ ಹಾಕಿ ತೊಳೆಯಿರಿ. ಒಳಹಾಸು ತೆಗೆದು, ಒಳಗೆ ಕಾಗದ ತುರುಕಿ, ನೆರಳಲ್ಲಿ ಒಣಗಿಸಿ. ವಾಷಿಂಗ್ ಮೆಷಿನ್, ಹೀಟರ್, ಸುಡು ಬಿಸಿಲು ಮೂರೂ ಅಂಟನ್ನೂ ಫೋಮನ್ನೂ ಹಾಳು ಮಾಡುತ್ತವೆ.

ಒಂದು ಜೋಡಿ ಸಾಮಾನ್ಯವಾಗಿ 500ರಿಂದ 800 ಕಿ.ಮೀ. ಬಾಳುತ್ತದೆ ಅನ್ನುತ್ತಾರೆ. ಚೂಪು ಕಲ್ಲಿನ ದಾರಿಯಲ್ಲಿ ಅಷ್ಟು ಬಾರದೇ ಇರಬಹುದು. ಹಾಗಾಗಿ ಕೊಂಡ ದಿನವೇ ನಾಲಿಗೆಯ ಒಳಮೈಯಲ್ಲಿ ತಾರೀಖು ಬರೆದು, ಲಗ್ ಎತ್ತರ ಅಳೆದು ಗುರುತು ಹಾಕಿಕೊಳ್ಳಿ. ಮುಂಪಾದದ ಲಗ್ ಅರ್ಧಕ್ಕೆ ಇಳಿದಾಗ, ಮೊದಲು ಗೊತ್ತಾಗದಿದ್ದ ಕಲ್ಲು ಅಡಿಯಲ್ಲಿ ಗೊತ್ತಾಗತೊಡಗಿದಾಗ, ಅಥವಾ ಮೇಜಿನ ಮೇಲಿಟ್ಟ ಶೂ ಒಂದು ಬದಿಗೆ ವಾಲಿ ನಿಂತಾಗ ಅದರ ಬೆಟ್ಟದ ದಿನ ಮುಗಿಯಿತು. ನನ್ನ ಹಳೆಯ ಜೋಡಿ ಈಗ ಗಿಡಗಳಿಗೆ ನೀರು ಹಾಕುವಾಗ ಕಾಲಲ್ಲಿರುತ್ತದೆ. ಅಲ್ಲಿ ಇಳಿಜಾರಿಲ್ಲ, ಉಗುರಿಗೂ ಭಯವಿಲ್ಲ.